ಮಾರ್ವೆಲ್ ಸ್ನ್ಯಾಪ್‌ನಲ್ಲಿ ಯಾವ ಡೆಕ್ ಹಿಡಿಯಬೇಕು? ಮುಖ್ಯ ಬಗೆಗಳ ಹೋಲಿಕೆ

ಸೂಪರ್‌ಹೀರೋಗಳ ಮೊಬೈಲ್ ಕಾರ್ಡ್ ಆಟವಾದ ಮಾರ್ವೆಲ್ ಸ್ನ್ಯಾಪ್ ಆಡಲು ಶುರು ಮಾಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ಎಲ್ಲಕ್ಕಿಂತ ಬಲವಾದ ಡೆಕ್, ಅಂದರೆ ಆಟಕ್ಕೆ ಆರಿಸಿಕೊಂಡ ಕಾರ್ಡುಗಳ ಕಟ್ಟು, ಯಾವುದು? ಬೆಳಗಾವಿಯ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಊಟದ ಸಾಲಿನಲ್ಲಿ ನಿಂತು ಈ ಆಟ ಆಡುವ ಹುಡುಗರೂ ಇದನ್ನೇ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಈ ಆಟದಲ್ಲಿ ರ‍್ಯಾಂಕ್ ಏರುವುದು ಗೆದ್ದ ಆಟಗಳ ಸಂಖ್ಯೆಯಿಂದಲ್ಲ, ಕೂಡಿಹಾಕಿದ ಕ್ಯೂಬುಗಳಿಂದ, ಅಂದರೆ ಪ್ರತಿ ಆಟದಲ್ಲಿ ಪಣಕ್ಕಿರುವ ಅಂಕಗಳಿಂದ. ಆದ್ದರಿಂದ ಒಳ್ಳೆಯ ಡೆಕ್ ಎಂದರೆ, ಈ ಆಟ ಕೈಗೆ ದಕ್ಕುತ್ತದೋ ಇಲ್ಲವೋ ಎಂಬುದನ್ನು ನಮಗೆ ಬೇಗ ತಿಳಿಸುವ ಮತ್ತು ಅದೇ ಸಂಗತಿಯನ್ನು ಎದುರಾಳಿಗೆ ಆದಷ್ಟು ತಡವಾಗಿ ತಿಳಿಸುವ ಡೆಕ್. ಮುಂದಿನ ಹೋಲಿಕೆಯನ್ನೆಲ್ಲ ಈ ಒಂದು ಅಳತೆಗೋಲಿನಿಂದಲೇ ಮಾಡಿದ್ದೇನೆ.

ಸೂಪರ್‌ಹೀರೋಗಳ ಕಾರ್ಡ್ ಆಟಗಳು ಹೊಸವೇನಲ್ಲ. 1995ರಲ್ಲಿ ಓವರ್‌ಪವರ್, 2004ರಲ್ಲಿ ವಿಎಸ್ ಸಿಸ್ಟಮ್ ಕಾಗದದ ಕಾರ್ಡುಗಳಲ್ಲಿ ಬಂದಿದ್ದವು. ಆದರೆ ಅಂಥ ಆಟಕ್ಕೆ ಕಾರ್ಡ್ ಮಾರುವ ಅಂಗಡಿಯೂ ಬೇಕು, ಎದುರು ಕೂತು ಆಡುವವರೂ ಬೇಕು; ಬೆಳಗಾವಿ, ವಿಜಯಪುರದಂಥ ಊರುಗಳಲ್ಲಿ ಎರಡನ್ನೂ ಹೊಂದಿಸುವುದು ಸುಲಭದ ಮಾತಲ್ಲ. 2022ರ ಅಕ್ಟೋಬರ್ 18ರಂದು ಬಿಡುಗಡೆಯಾದ ಮಾರ್ವೆಲ್ ಸ್ನ್ಯಾಪ್‌ಗೆ ಮೊಬೈಲ್ ಒಂದಿದ್ದರೆ ಸಾಕು. ಹಾರ್ತ್‌ಸ್ಟೋನ್ ಆಟದ ನಿರ್ದೇಶಕರಾಗಿದ್ದ ಬೆನ್ ಬ್ರೋಡ್ ಅವರ ಸೆಕೆಂಡ್ ಡಿನ್ನರ್ ಸಂಸ್ಥೆ ಇದನ್ನು ರೂಪಿಸಿತು. ಇದರಲ್ಲಿ ಕಾರ್ಡುಗಳನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳುವಂತಿಲ್ಲ ಎಂಬುದೊಂದನ್ನು ಬಿಟ್ಟರೆ, ಡೆಕ್ ಕಟ್ಟುವ ಚಾತುರ್ಯ ಕಾಗದದ ಆಟದಲ್ಲಿ ಬೇಕಾದಷ್ಟೇ ಇಲ್ಲಿಯೂ ಬೇಕು.

ಮೊದಲು ಕ್ಯೂಬಿನ ಲೆಕ್ಕ

ಒಂದು ಡೆಕ್ಕಿನಲ್ಲಿ 12 ಕಾರ್ಡುಗಳು. ಒಂದೇ ಕಾರ್ಡ್ ಎರಡು ಸಲ ಇರುವಂತಿಲ್ಲ. ಮೂರು ಲೊಕೇಶನ್‌ಗಳು, ಅಂದರೆ ಕಾರ್ಡ್ ಇಡುವ, ತಮ್ಮದೇ ನಿಯಮವಿರುವ ಕಣಗಳಿದ್ದು, ಪ್ರತಿಯೊಂದರಲ್ಲೂ ನಮಗೆ ನಾಲ್ಕು ಜಾಗ. ಕಾರ್ಡಿನ ಬೆಲೆ ತೆರಲು ಮೊದಲ ಸರದಿಗೆ 1 ಎನರ್ಜಿ, ಎರಡನೆಯದಕ್ಕೆ 2, ಹೀಗೆ ಆರನೇ ಸರದಿಗೆ 6. ಯಾರ ಕಾರ್ಡುಗಳ ಒಟ್ಟು ಪವರ್ (ಬಲದ ಅಂಕ) ಹೆಚ್ಚೋ ಆ ಲೊಕೇಶನ್ ಅವರದು; ಮೂರರಲ್ಲಿ ಎರಡು ಲೊಕೇಶನ್ ಗೆದ್ದವರಿಗೆ ಆಟ. ಪಣ ಒಂದು ಕ್ಯೂಬಿನಿಂದ ಶುರುವಾಗಿ ಕೊನೆಯ ಸರದಿಯಲ್ಲಿ ತಾನಾಗಿಯೇ ಇಮ್ಮಡಿಯಾಗುತ್ತದೆ. ಸ್ನ್ಯಾಪ್ ಎಂದರೆ ಪಣವನ್ನು ಇಮ್ಮಡಿ ಮಾಡುವ ಗುಂಡಿ ಒತ್ತುವುದು. ಯಾರೂ ಸ್ನ್ಯಾಪ್ ಮಾಡದಿದ್ದರೆ ಕೊನೆಗೆ 2 ಕ್ಯೂಬ್, ಒಬ್ಬರು ಮಾಡಿದರೆ 4, ಇಬ್ಬರೂ ಮಾಡಿದರೆ 8. ನಡುವೆ ಯಾವಾಗ ಬೇಕಾದರೂ ರಿಟ್ರೀಟ್ ಒತ್ತಿ, ಆ ಹೊತ್ತಿಗೆ ಎಷ್ಟು ಪಣವಿದೆಯೋ ಅಷ್ಟನ್ನೇ ಕಳೆದುಕೊಂಡು ಹೊರಬರಬಹುದು.

ರಮ್ಮಿ ಆಡಿದವರಿಗೆ ಇದು ಹೊಸ ವಿಷಯವಲ್ಲ. 13 ಎಲೆಯ ರಮ್ಮಿಯಲ್ಲಿ ಮೊದಲೇ ಡ್ರಾಪ್ ಆದವರಿಗೆ 20, ನಡುವೆ ಡ್ರಾಪ್ ಆದವರಿಗೆ 40, ಕೊನೆಯವರೆಗೂ ಕೂತು ಸೋತವರಿಗೆ 80ರವರೆಗೂ ಅಂಕ ಬೀಳುತ್ತವೆ. ಕೆಟ್ಟ ಎಲೆಗಳನ್ನು ನೋಡಿದ ಕೂಡಲೇ ಕೆಳಗಿಡುವವರು ಹಬ್ಬದ ರಾತ್ರಿಯ ಆಟದ ಕೊನೆಗೆ ಮುಂದಿರುತ್ತಾರೆ. ಸ್ನ್ಯಾಪ್‌ನ ಗುಟ್ಟೂ ಅದೇ.

ಲೆಕ್ಕ ಹಾಕಿ ನೋಡೋಣ. ಒಬ್ಬ ಆಟಗಾರ 10 ಆಟಗಳಲ್ಲಿ ನಾಲ್ಕನ್ನು ಮಾತ್ರ ಗೆಲ್ಲುತ್ತಾನೆ ಎಂದುಕೊಳ್ಳಿ. ಆ ನಾಲ್ಕರಲ್ಲೂ ಅವನೇ ಸ್ನ್ಯಾಪ್ ಮಾಡಿದ್ದಾನೆ. ಎರಡರಲ್ಲಿ ಎದುರಾಳಿ ಕೊನೆಯವರೆಗೆ ನಿಂತು 4 ಕ್ಯೂಬ್ ಕೊಟ್ಟ, ಇನ್ನೆರಡರಲ್ಲಿ ಕೂಡಲೇ ಓಡಿ 1 ಕೊಟ್ಟ. ಒಟ್ಟು 10. ಸೋತ ಆರರಲ್ಲಿ ನಾಲ್ಕನ್ನು ಅವನು 1 ಕ್ಯೂಬಿಗೇ ಬಿಟ್ಟುಕೊಟ್ಟಿದ್ದಾನೆ, ಎರಡರಲ್ಲಿ ಕೊನೆಯವರೆಗೆ ಕೂತು ತಲಾ 2 ಕಳೆದಿದ್ದಾನೆ. ಒಟ್ಟು 8. ಹತ್ತರಲ್ಲಿ ಆರು ಸೋತರೂ ಅವನ ಕೈಯಲ್ಲಿ ಎರಡು ಕ್ಯೂಬ್ ಉಳಿದವು. ಐದು ಗೆದ್ದು ಐದು ಸೋತು, ಪ್ರತಿ ಸಲವೂ ಸ್ನ್ಯಾಪ್ ಇಲ್ಲದೆ ಕೊನೆಯವರೆಗೆ ಕೂಡುವವನ ಲೆಕ್ಕ ಮಾತ್ರ ಸೊನ್ನೆಯಲ್ಲೇ ನಿಲ್ಲುತ್ತದೆ.

ಇನ್ನೊಂದು ಲೆಕ್ಕ ಕೈಗೆ ಬರುವ ಕಾರ್ಡುಗಳದು. ಆಟ ಶುರುವಾಗುವಾಗ ಮೂರು ಕಾರ್ಡು, ಆಮೇಲೆ ಪ್ರತಿ ಸರದಿಗೆ ಒಂದು. ಆರನೇ ಸರದಿಯ ಹೊತ್ತಿಗೆ 12ರಲ್ಲಿ 9 ಕಾರ್ಡು ಕಂಡಿರುತ್ತೀರಿ. ಅಂದರೆ ನಿಮಗೆ ಬೇಕಾದ ಒಂದು ನಿರ್ದಿಷ್ಟ ಕಾರ್ಡ್ ಸಿಗುವ ಸಾಧ್ಯತೆ ನೂರಕ್ಕೆ 75. ಎರಡು ನಿರ್ದಿಷ್ಟ ಕಾರ್ಡುಗಳು ಬೇಕಾದರೆ ಅದು 55ರ ಆಸುಪಾಸಿಗೆ ಇಳಿಯುತ್ತದೆ, ಮೂರು ಬೇಕಾದರೆ 38ಕ್ಕೆ. ವಿಡಿಯೊಗಳಲ್ಲಿ ಮೂರು ಕಾರ್ಡ್ ಕೂಡಿ ಬೆಂಕಿ ಹಚ್ಚುವ ಆಟಗಳನ್ನು ನೋಡಿ ಮರುಳಾಗುವ ಮುನ್ನ ಈ 38ನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಉಳಿದ 62 ಆಟಗಳನ್ನು ಯಾರೂ ವಿಡಿಯೊ ಮಾಡಿ ಹಾಕುವುದಿಲ್ಲ.

ಸಣ್ಣ ಕಾರ್ಡುಗಳ ಡೆಕ್

ಆಟಗಾರರು ಜೂ ಎಂದೂ ಕಾ-ಜಾರ್ ಡೆಕ್ ಎಂದೂ ಕರೆಯುವ ಬಗೆಯಿದು. ಒಂದು ಎನರ್ಜಿಯ ಕಾರ್ಡುಗಳನ್ನು ಮೂರೂ ಕಡೆ ಹರಡುವುದು, ನಾಲ್ಕನೇ ಸರದಿಗೆ ಕಾ-ಜಾರ್, ಐದನೆಯದಕ್ಕೆ ಬ್ಲೂ ಮಾರ್ವೆಲ್. ಕಾ-ಜಾರ್ ಒಂದು ಎನರ್ಜಿಯ ನಮ್ಮ ಎಲ್ಲ ಕಾರ್ಡುಗಳಿಗೂ ಒಂದೊಂದು ಪವರ್ ಏರಿಸುತ್ತಾನೆ, ಬ್ಲೂ ಮಾರ್ವೆಲ್ ನಮ್ಮ ಉಳಿದೆಲ್ಲ ಕಾರ್ಡುಗಳಿಗೂ ಏರಿಸುತ್ತಾನೆ. ಸ್ಕ್ವಿರಲ್ ಗರ್ಲ್ ಒಬ್ಬಳೇ ಉಳಿದ ಎರಡು ಲೊಕೇಶನ್‌ಗಳಿಗೆ ಒಂದೊಂದು ಅಳಿಲನ್ನು ಕಳಿಸುವುದರಿಂದ, ಮೇಜಿನ ಮೇಲೆ ಎಂಟು ಸಣ್ಣ ಕಾರ್ಡುಗಳು ಕೂಡುವುದು ಕಷ್ಟವಲ್ಲ. ಆಗ ಈ ಇಬ್ಬರಿಂದಲೇ ಅವಕ್ಕೆ 16 ಪವರ್ ಸೇರುತ್ತದೆ. ಕೊನೆಗೆ ಕಾ-ಜಾರ್ ಇರುವ ಕಡೆ ಆನ್‌ಸ್ಲಾಟ್ ಕೂಡಿಸಿದರೆ ಕಾ-ಜಾರ್‌ನ ಕೊಡುಗೆ ಇನ್ನೊಮ್ಮೆ ಇಮ್ಮಡಿ.

ಇದರ ದೊಡ್ಡ ಅನುಕೂಲವೆಂದರೆ, ಕಾ-ಜಾರ್, ಬ್ಲೂ ಮಾರ್ವೆಲ್, ಆಂಟ್‌ಮ್ಯಾನ್ ಮುಂತಾದವರು ಆರಂಭದ ಹಂತದಲ್ಲೇ ಕೈಗೆ ಸಿಗುತ್ತಾರೆ. ಸರದಿಗಳು ಖಾಲಿ ಹೋಗುವುದಿಲ್ಲ; ಏನು ಆಡಬೇಕೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ನಾನು ಮೇಲೆ ಹೇಳಿದ ಅಳತೆಗೋಲಿನಿಂದ ನೋಡಿದರೆ ಈ ಡೆಕ್ ಅಷ್ಟೇನೂ ಮೇಲೆ ನಿಲ್ಲುವುದಿಲ್ಲ. ಕಾ-ಜಾರ್ ನಾಲ್ಕನೇ ಸರದಿಯೊಳಗೆ, ಬ್ಲೂ ಮಾರ್ವೆಲ್ ಐದನೆಯದರೊಳಗೆ ಬರುವ ಸಾಧ್ಯತೆ ನೂರಕ್ಕೆ 37 ಮಾತ್ರ. ಬಂದಾಗಲಂತೂ ಎಲ್ಲವೂ ಎದುರಾಳಿಯ ಕಣ್ಣೆದುರೇ ಇರುತ್ತದೆ. ಅವನ ಕೈಯಲ್ಲಿ ಉತ್ತರವಿಲ್ಲದಿದ್ದರೆ ಒಂದೇ ಕ್ಯೂಬ್ ಕೊಟ್ಟು ಓಡುತ್ತಾನೆ, ಉತ್ತರವಿದ್ದರೆ ನಿಲ್ಲುತ್ತಾನೆ. ಒಂದು ಎನರ್ಜಿಯ ಕಾರ್ಡುಗಳನ್ನೆಲ್ಲ ಒಂದೇ ಏಟಿಗೆ ನಾಶ ಮಾಡುವ ಕಿಲ್‌ಮಾಂಗರ್ ಆ ಉತ್ತರ.

ಇದನ್ನು ಹತ್ತಿರದಿಂದ ತೋರಿಸಿದರೆ ಹೆಚ್ಚು ಸ್ಪಷ್ಟವಾದೀತು. ಬಾಗಲಕೋಟೆಯ ನವನಗರದಲ್ಲಿರುವ ನನ್ನ ಸೋದರಮಾವನ ಮಗನಿಗೆ ಈ ಡೆಕ್ಕೆಂದರೆ ಪ್ರಾಣ. ಒಂದು ಸಂಜೆ ಸ್ನೇಹಿತರ ನಡುವಿನ ಪಂದ್ಯದಲ್ಲಿ ನಾಲ್ಕನೇ ಸರದಿಗೇ ಅವನ ಕಡೆ ಆರು ಸಣ್ಣ ಕಾರ್ಡುಗಳು ಕೂತಿದ್ದವು, ನಡುವಿನ ಲೊಕೇಶನ್‌ನಲ್ಲಿ ಕಾ-ಜಾರ್. ಐದನೇ ಸರದಿಗೆ ಅವನು ಬ್ಲೂ ಮಾರ್ವೆಲ್ ಇಟ್ಟು ಫೋನಿನಲ್ಲಿ, "ಅಣ್ಣಾ, ಸ್ನ್ಯಾಪ್ ಮಾಡೇನಿ, ನಿಂದರತೀಯೋ ಓಡತೀಯೋ?" ಎಂದ. ನನ್ನ ಕೈಯಲ್ಲಿ ಸೆರಾ, ಕಿಲ್‌ಮಾಂಗರ್, ಶಾಂಗ್-ಚಿ ಇದ್ದರು. ಐದಕ್ಕೆ ಸೆರಾಳನ್ನು ಇಟ್ಟೆ. ಅವಳಿದ್ದರೆ ಕೈಯಲ್ಲಿರುವ ಕಾರ್ಡುಗಳ ಬೆಲೆ ಒಂದೊಂದು ಎನರ್ಜಿ ಇಳಿಯುತ್ತದೆ. ಆರನೆಯದಕ್ಕೆ ಎರಡು ಎನರ್ಜಿಯ ಕಿಲ್‌ಮಾಂಗರ್, ಉಳಿದದ್ದರಲ್ಲಿ ಇನ್ನೆರಡು ಕಾರ್ಡು. ಅವನ ಅಳಿಲುಗಳೂ ಆಂಟ್‌ಮ್ಯಾನೂ ಒಟ್ಟಿಗೆ ಮಾಯವಾದವು, 4 ಕ್ಯೂಬ್ ಹೋದವು. ಅವನ ಡೆಕ್ ದುರ್ಬಲವಾಗಿತ್ತೆಂದಲ್ಲ. ಸ್ನ್ಯಾಪ್ ಮಾಡುವಾಗ ಅವನಿಗೆ ನನ್ನ ಕೈಯ ಬಗ್ಗೆ ಏನೂ ಗೊತ್ತಿರಲಿಲ್ಲ, ನನಗೆ ಅವನ ಬಗ್ಗೆ ಎಲ್ಲವೂ ಗೊತ್ತಿತ್ತು.

ಈ ಡೆಕ್ ಆಡಲೇಬೇಕೆನ್ನುವವರು ಆರ್ಮರ್ ಕಾರ್ಡನ್ನು ಸೇರಿಸಿಕೊಳ್ಳಬೇಕು. ಅವಳಿರುವ ಲೊಕೇಶನ್‌ನಲ್ಲಿ ಯಾವ ಕಾರ್ಡೂ ನಾಶವಾಗುವುದಿಲ್ಲ. ಒಂದು ಕಡೆಯನ್ನಾದರೂ ಕಾಪಾಡಿಕೊಂಡು, ಸ್ನ್ಯಾಪನ್ನು ಮೂರನೇ ಸರದಿಯಲ್ಲೇ, ಕಾ-ಜಾರ್ ಕೈಗೆ ಬಂದು ಇನ್ನೂ ಮೇಜಿನ ಮೇಲೆ ಇಳಿಯದಿರುವಾಗಲೇ ಮಾಡಬೇಕು.

ಆನ್‌ಗೋಯಿಂಗ್ ಡೆಕ್

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಕ್ಯಾಪ್ಟನ್ ಅಮೆರಿಕಾ, ಮಿಸ್ಟರ್ ಫೆಂಟಾಸ್ಟಿಕ್, ಕ್ಲಾ, ಐರನ್ ಮ್ಯಾನ್ ಮುಂತಾದ, ಮೇಜಿನ ಮೇಲಿರುವಷ್ಟು ಕಾಲವೂ ತಮ್ಮ ಪ್ರಭಾವ ಬೀರುತ್ತಲೇ ಇರುವ ಕಾರ್ಡುಗಳನ್ನು ಕೂಡಿಸಿ, ಆರನೇ ಸರದಿಗೆ ಸ್ಪೆಕ್ಟ್ರಮ್ ಇಟ್ಟು ಅವೆಲ್ಲಕ್ಕೂ ಪವರ್ ಏರಿಸುವ ಯೋಜನೆ. ಇದರ ಗುಣವೆಂದರೆ ಯಾವ ಒಂದು ಕಾರ್ಡ್ ಬರದಿದ್ದರೂ ಡೆಕ್ ಕುಸಿಯುವುದಿಲ್ಲ. ಸ್ಪೆಕ್ಟ್ರಮ್ ಬರದಿದ್ದರೆ ಆನ್‌ಸ್ಲಾಟ್, ಅವನೂ ಬರದಿದ್ದರೆ ಐರನ್ ಮ್ಯಾನ್ ಒಂದು ಲೊಕೇಶನ್ನಿನ ಪವರನ್ನು ಇಮ್ಮಡಿ ಮಾಡುತ್ತಾನೆ. ಮಿಸ್ಟರ್ ಫೆಂಟಾಸ್ಟಿಕ್ ಪಕ್ಕದ ಲೊಕೇಶನ್‌ಗಳಿಗೂ ಪವರ್ ಕೊಡುವುದರಿಂದ, ಕಾರ್ಡ್ ಇಡಲು ಬಿಡದ ಸ್ಯಾಂಕ್ಟಮ್ ಸ್ಯಾಂಕ್ಟೋರಮ್‌ನಂಥ ಲೊಕೇಶನ್ ಬಂದರೂ ಅಲ್ಲಿ ಕೈ ಹಾಕಬಹುದು.

ಎನ್‌ಚಾಂಟ್ರೆಸ್ ಇದರ ಶತ್ರು. ಅವಳು ಇಳಿದ ಲೊಕೇಶನ್‌ನಲ್ಲಿ ಆನ್‌ಗೋಯಿಂಗ್ ಶಕ್ತಿಗಳೆಲ್ಲ ಅಳಿದುಹೋಗುತ್ತವೆ. ಆದರೆ ಕಿಲ್‌ಮಾಂಗರ್ ಮೂರೂ ಕಡೆ ಗುಡಿಸಿಹಾಕುವಂತೆ ಅವಳು ಮಾಡಲಾರಳು. ಅವಳ ಕೈ ಒಂದೇ ಕಡೆಗೆ. ಆದ್ದರಿಂದ ಶಕ್ತಿಯನ್ನು ಎರಡು ಲೊಕೇಶನ್‌ಗಳಿಗೆ ಹಂಚಿಟ್ಟರೆ ಪೂರ್ತಿ ಮುಳುಗುವ ಭಯವಿಲ್ಲ. ಕ್ಯೂಬಿನ ದೃಷ್ಟಿಯಿಂದ ಇದು ನಡುವಿನ ಡೆಕ್: ಸೋಲು ಕಡಿಮೆ, ಆದರೆ ಎದುರಾಳಿ ಲೆಕ್ಕ ಹಾಕಬಲ್ಲ ಡೆಕ್ ಆದ್ದರಿಂದ 8 ಕ್ಯೂಬಿನ ಗೆಲುವುಗಳೂ ಕಡಿಮೆ. ಆಟದ ನಡೆ ಕಲಿಯುವವರಿಗೆ ಅದೇನೂ ನಷ್ಟವಲ್ಲ.

ನಾಶದ ಡೆಕ್

ತನ್ನ ಕಾರ್ಡುಗಳನ್ನು ತಾನೇ ನಾಶ ಮಾಡಿಕೊಂಡು ಬೆಳೆಯುವ ಡೆಕ್ ಇದು. ಕಾರ್ನೇಜ್ ತನ್ನ ಜೊತೆಗಿರುವ ನಮ್ಮದೇ ಕಾರ್ಡುಗಳನ್ನು ತಿಂದು, ತಿಂದ ಪ್ರತಿಯೊಂದಕ್ಕೂ ಪವರ್ ಪಡೆಯುತ್ತಾನೆ. ವೆನಮ್ ತಿಂದವರ ಪವರನ್ನೇ ತನಗೆ ಕೂಡಿಸಿಕೊಳ್ಳುತ್ತಾನೆ. ಡೆಡ್‌ಪೂಲ್ ನಾಶವಾದಾಗಲೆಲ್ಲ ಇಮ್ಮಡಿ ಪವರಿನೊಂದಿಗೆ ಕೈಗೆ ಮರಳುತ್ತಾನೆ: ಒಂದು, ಎರಡು, ನಾಲ್ಕು, ಎಂಟು. ವುಲ್ವರೀನ್ ಸತ್ತ ಮೇಲೆ ಬೇರೆಲ್ಲೋ ಹುಟ್ಟುತ್ತಾನೆ. ಆ ಆಟದಲ್ಲಿ ನಾಶವಾದ ಒಂದೊಂದು ಕಾರ್ಡಿಗೂ ಡೆತ್ ಕಾರ್ಡಿನ ಬೆಲೆ ಒಂದೊಂದು ಎನರ್ಜಿ ಇಳಿಯುತ್ತದೆ. ನಲ್ ಮಾತ್ರ ಎಲ್ಲರ ಹೆಣದ ಲೆಕ್ಕ ಇಟ್ಟವನು. ಆ ಆಟದಲ್ಲಿ ನಾಶವಾದ ಎಲ್ಲ ಕಾರ್ಡುಗಳ ಪವರ್ ಕೂಡಿದರೆ ಎಷ್ಟೋ ಅವನ ಪವರ್ ಅಷ್ಟು.

ನನ್ನ ಆಯ್ಕೆ ಇದೇ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ, ಅದಕ್ಕೆ ಕಾರಣವೂ ಇದೆ. ಎರಡನೇ ಸರದಿಯ ಕೊನೆಗೇ ಈ ಡೆಕ್ ನಮಗೆ ಮಾತು ಕೊಡುತ್ತದೆ. ಮೊದಲಿಗೆ ಡೆಡ್‌ಪೂಲ್, ಎರಡನೆಯದಕ್ಕೆ ಅದೇ ಕಡೆ ಕಾರ್ನೇಜ್ ಬಂದರೆ ಆಟ ದಾರಿಗೆ ಬಿತ್ತು ಎಂದರ್ಥ. ಮೂರನೆಯದಕ್ಕೆ ಡೆಡ್‌ಪೂಲ್ ಮತ್ತು ಇನ್ನೊಂದು ಎರಡು ಎನರ್ಜಿಯ ಕಾರ್ಡ್, ನಾಲ್ಕನೆಯದಕ್ಕೆ ವೆನಮ್ ಎಲ್ಲರನ್ನೂ ನುಂಗಿದರೆ ಡೆಡ್‌ಪೂಲ್ ನಾಲ್ಕು ಪವರಿನೊಂದಿಗೆ ಕೈಗೆ ಬಂದಿರುತ್ತಾನೆ. ಇದಾವುದೂ ಆಗದೆ ಮೂರನೇ ಸರದಿಗೆ ಕೈಯಲ್ಲಿ ನಲ್, ಡೆತ್, ವೆನಮ್ ಮಾತ್ರ ಕೂತಿದ್ದರೆ ಒಂದು ಕ್ಯೂಬ್ ಕೊಟ್ಟು ಎದ್ದುಬರಬೇಕು. ನಿಲ್ಲುವುದೋ ಬಿಡುವುದೋ ಎಂಬ ತೀರ್ಮಾನ ಪಣ ಇನ್ನೂ ಚಿಕ್ಕದಿರುವಾಗಲೇ ಆಗಿಬಿಡುತ್ತದೆ.

ಎದುರಾಳಿಗೆ ಏನು ಕಾಣುತ್ತದೆ? ಇದು ನಾಶದ ಡೆಕ್ ಎಂಬುದು ಕಾರ್ನೇಜ್ ಇಳಿದೊಡನೆಯೇ ಗೊತ್ತಾಗುತ್ತದೆ, ನಿಜ. ಆದರೆ ಕೊನೆಯ ಸರದಿಗೆ ಡೆತ್ ಮತ್ತು ಡೆಡ್‌ಪೂಲ್ ಬರುತ್ತಾರೋ, ನಲ್ ಒಬ್ಬನೇ ಬರುತ್ತಾನೋ, ಯಾವ ಕಡೆ ಬರುತ್ತಾರೋ ತಿಳಿಯುವುದಿಲ್ಲ. ಮೇಜಿನ ಮೇಲೆ ನಮ್ಮ ಕಾರ್ಡುಗಳು ಕಡಿಮೆ ಇರುವುದರಿಂದ ಮೇಲ್ನೋಟಕ್ಕೆ ನಾವು ಸೋಲುತ್ತಿರುವಂತೆ ಕಾಣುತ್ತದೆ, ಎದುರಾಳಿ ಧೈರ್ಯದಿಂದ ನಿಲ್ಲುತ್ತಾನೆ.

ದೌರ್ಬಲ್ಯಗಳೂ ಉಂಟು. ಎದುರಾಳಿ ಆರ್ಮರ್ ಇಟ್ಟ ಕಡೆ ಯಾವುದೂ ನಾಶವಾಗದು. ಕಾಸ್ಮೊ ಇರುವ ಕಡೆ ಆನ್ ರಿವೀಲ್ ಶಕ್ತಿಗಳು, ಅಂದರೆ ಕಾರ್ಡ್ ತೆರೆದಾಗ ನಡೆಯುವ ಶಕ್ತಿಗಳು, ಕೆಲಸ ಮಾಡುವುದಿಲ್ಲವಾದ್ದರಿಂದ ಕಾರ್ನೇಜ್ ಬಾಯಿ ಬಿಡುವುದಿಲ್ಲ. ಲೊಕೇಶನ್‌ಗಳ ವಿಷಯದಲ್ಲಿ ಇಷ್ಟು ಏರಿಳಿತ ಇರುವ ಡೆಕ್ ಬೇರೊಂದಿಲ್ಲ: ಇಟ್ಟ ಕಾರ್ಡನ್ನೆಲ್ಲ ನಾಶ ಮಾಡುವ ಡೆತ್ಸ್ ಡೊಮೇನ್ ಬಂದರೆ ಹಬ್ಬ, ಯಾವುದೂ ನಾಶವಾಗದ ವಕಾಂಡಾ ಬಂದರೆ ಆ ಕಡೆ ತಲೆ ಹಾಕುವಂತಿಲ್ಲ. ಲೊಕೇಶನ್‌ಗಳು ಮೊದಲ ಮೂರು ಸರದಿಗಳಲ್ಲಿ ಎಡದಿಂದ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮೂರನೆಯದು ತೆರೆಯುವವರೆಗೆ ಸ್ನ್ಯಾಪ್‌ಗೆ ಕೈ ಹಾಕದಿರುವುದು ಈ ಡೆಕ್ಕಿಗೆ ಒಳ್ಳೆಯ ಅಭ್ಯಾಸ.

ಡಿಸ್ಕಾರ್ಡ್ ಡೆಕ್

ಇದು ಕೈಯಲ್ಲಿರುವ ಕಾರ್ಡುಗಳನ್ನು ಎಸೆದು ಲಾಭ ಪಡೆಯುವ ಬಗೆ. ಕೈಯಲ್ಲಿರುವ ಅತಿ ದುಬಾರಿ ಕಾರ್ಡನ್ನು ಲೇಡಿ ಸಿಫ್ ಎಸೆಯುತ್ತಾಳೆ. ಆ ಕಾರ್ಡ್ ಅಪೋಕಲಿಪ್ಸ್ ಆಗಿದ್ದರೆ ಅವನು ಇನ್ನಷ್ಟು ಪವರ್ ತುಂಬಿಕೊಂಡು ಕೈಗೇ ಮರಳುತ್ತಾನೆ. ಐದನೇ ಸರದಿಗೆ ಮೋಡಾಕ್ ಇಡೀ ಕೈಯನ್ನೇ ಖಾಲಿ ಮಾಡುತ್ತಾನೆ. ಸ್ವಾರ್ಮ್ ಎಸೆಯಲ್ಪಟ್ಟರೆ ಬೆಲೆಯೇ ಇಲ್ಲದ ಎರಡು ನಕಲುಗಳು ಕೈಗೆ ಬರುತ್ತವೆ. ಇನ್ನು ಡ್ರಾಕುಲಾ. ಆಟ ಮುಗಿದ ಮೇಲೆ ಅವನು ಕೈಯಲ್ಲಿ ಉಳಿದ ಒಂದು ಕಾರ್ಡನ್ನು ಎಸೆದು ಅದರ ಪವರನ್ನು ತನ್ನದಾಗಿಸಿಕೊಳ್ಳುತ್ತಾನೆ. ಕೈಯಲ್ಲಿ ಉಬ್ಬಿದ ಅಪೋಕಲಿಪ್ಸ್ ಒಬ್ಬನೇ ಉಳಿಯುವಂತೆ ನೋಡಿಕೊಂಡರೆ, ಎದುರಾಳಿ ಗೆದ್ದೆನೆಂದುಕೊಂಡ ಲೊಕೇಶನ್ ಕೊನೆಯ ಕ್ಷಣದಲ್ಲಿ ಕೈ ಬದಲಾಗುತ್ತದೆ.

ಎದುರಾಳಿಗೆ ತಡವಾಗಿ ತಿಳಿಸುವ ಗುಣದಲ್ಲಿ ಈ ಡೆಕ್ ಎಲ್ಲಕ್ಕಿಂತ ಮುಂದು. 10 ಅಥವಾ ಅದಕ್ಕೂ ಹೆಚ್ಚು ಪವರ್ ಇರುವ ಎದುರಾಳಿ ಕಾರ್ಡನ್ನು ನಾಶ ಮಾಡುವ ಶಾಂಗ್-ಚಿ ಕೂಡ ಡ್ರಾಕುಲಾನನ್ನು ಮುಟ್ಟಲಾರ, ಏಕೆಂದರೆ ಶಾಂಗ್-ಚಿ ಬರುವ ಹೊತ್ತಿಗೆ ಡ್ರಾಕುಲಾನಲ್ಲಿ ಪವರೇ ಇರುವುದಿಲ್ಲ. ಆದರೆ ನಮಗೆ ಬೇಗ ತಿಳಿಸುವ ಗುಣದಲ್ಲಿ ಇದು ನಾಶದ ಡೆಕ್ಕಿಗಿಂತ ಹಿಂದೆ. ಅಪೋಕಲಿಪ್ಸ್ ಕೈಗೆ ಬಾರದೆ ಹೋದರೆ ಸಿಫ್ ಯಾರನ್ನು ಎಸೆದಳೋ ಎಂದು ಪೇಚಾಡುವ ಆಟಗಳೇ ಹೆಚ್ಚು. ಎಸೆಯುವ ಕಾರ್ಡ್ ಎಸೆಯಬಾರದ್ದನ್ನು ಎಸೆದುಬಿಡುವ ಸಂಕಟವೂ ಇದ್ದೇ ಇದೆ. ಆದ್ದರಿಂದ ಇಲ್ಲಿ ಆಡುವ ಅನುಕ್ರಮ ತುಂಬ ಮುಖ್ಯ: ಡ್ರಾಕುಲಾನನ್ನು ನಾಲ್ಕನೆಯ ಸರದಿಗೆ ಇಳಿಸಿ, ಮೋಡಾಕ್ ಎಲ್ಲವನ್ನೂ ಎಸೆದ ಮೇಲೆ, ಆರನೆಯ ಸರದಿಯಲ್ಲಿ ಕೈಗೆ ಬಂದ ಹೊಸ ಕಾರ್ಡನ್ನು ಆಡಿ ಮುಗಿಸಬೇಕು. ಅದನ್ನು ಆಡಲಾಗದಿದ್ದರೆ ಡ್ರಾಕುಲಾ ಅಪೋಕಲಿಪ್ಸನ ಬದಲು ಅದನ್ನೇ ಕಚ್ಚುವ ಅಪಾಯವಿದೆ.

ಇದೇ ಬಗೆಯ ಹೆಲಾ ಡೆಕ್ಕಿನ ಬಗ್ಗೆ ಒಂದೇ ಮಾತು. ಎಸೆದ ಕಾರ್ಡುಗಳನ್ನೆಲ್ಲ ಹೆಲಾ ಮೇಜಿಗೆ ಎಬ್ಬಿಸಿ ತರುತ್ತಾಳೆ. 20 ಪವರಿನ ಇನ್ಫಿನಾಟ್ ಪುಕ್ಕಟೆಯಾಗಿ ಎದ್ದುಬರುವುದನ್ನು ನೋಡಲು ಚಂದ. ಆದರೆ ಇನ್‌ವಿಸಿಬಲ್ ವುಮನ್ ಹಿಂದೆ ಮೋಡಾಕ್‌ನನ್ನೂ ಹೆಲಾಳನ್ನೂ ಅಡಗಿಸಿಟ್ಟು ಆಟದ ಕೊನೆಗೆ ಒಟ್ಟಿಗೆ ತೆರೆಸುವ ಹಳೆಯ ತಂತ್ರಕ್ಕೆ ಮೂರು ಕಾರ್ಡ್ ಬೇಕು, ಅಂದರೆ ಆ 38ರ ಲೆಕ್ಕ. ಬಂದರೆ ಬೆಟ್ಟ, ಹೋದರೆ ಕೂದಲು ಎನ್ನುವ ಸ್ವಭಾವದವರು ಆಡಲಿ. ಅವರೂ ರಿಟ್ರೀಟ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಆಡಲಿ.

ಕಂಟ್ರೋಲ್ ಡೆಕ್

ತಾನು ಕಟ್ಟುವುದಕ್ಕಿಂತ ಎದುರಾಳಿ ಕಟ್ಟಿದ್ದನ್ನು ಕೆಡವುವುದೇ ಈ ಡೆಕ್ಕಿನ ಕೆಲಸ. ಶಾಂಗ್-ಚಿ, ಕಿಲ್‌ಮಾಂಗರ್, ಎನ್‌ಚಾಂಟ್ರೆಸ್, ಕಾಸ್ಮೊ; ಇವರನ್ನೆಲ್ಲ ಕೊನೆಯ ಸರದಿಗೆ ಒಟ್ಟಿಗೆ ಇಳಿಸಲು ಸೆರಾ. ಅವಳು ಐದನೆಯದಕ್ಕೆ ಬಂದರೆ ಆರನೆಯದಕ್ಕೆ ಶಾಂಗ್-ಚಿಗೆ ಮೂರು, ಎನ್‌ಚಾಂಟ್ರೆಸ್‌ಗೆ ಮೂರು. ಇಲ್ಲವೇ ಶಾಂಗ್-ಚಿಗೆ ಮೂರು, ಕಿಲ್‌ಮಾಂಗರ್‌ಗೆ ಎರಡು, ಉಳಿದ ಒಂದಕ್ಕೆ ಇನ್ನೊಂದು ಸಣ್ಣ ಕಾರ್ಡು. ಎದುರಾಳಿಯ ಯೋಜನೆ ಏನಿದ್ದರೂ ಎರಡು ಕಡೆ ಏಟು.

ಈ ಡೆಕ್ ಹಿಡಿಯುವವರು ಮೊದಲು ಕಲಿಯಬೇಕಾದದ್ದು ಯಾರ ಕಾರ್ಡು ಮೊದಲು ತೆರೆಯುತ್ತದೆ ಎಂಬ ನಿಯಮವನ್ನು. ಸರದಿಯ ಆರಂಭದಲ್ಲಿ ಹೆಚ್ಚು ಲೊಕೇಶನ್‌ಗಳಲ್ಲಿ ಮುಂದಿರುವವರ ಕಾರ್ಡುಗಳು ಮೊದಲು ತೆರೆಯುತ್ತವೆ, ಅದು ಸಮವಾಗಿದ್ದರೆ ಒಟ್ಟು ಪವರ್ ನೋಡಲಾಗುತ್ತದೆ. ಎದುರಾಳಿ ಆರನೇ ಸರದಿಗೆ ನಲ್‌ನನ್ನು ಇಳಿಸುತ್ತಾನೆ ಎಂದುಕೊಳ್ಳಿ. ನಾವು ಮುಂದಿದ್ದರೆ ನಮ್ಮ ಶಾಂಗ್-ಚಿ ಮೊದಲು ತೆರೆದು ಖಾಲಿ ಗಾಳಿಗೆ ಗುದ್ದುತ್ತಾನೆ, ಆಮೇಲೆ ನಲ್ ಆರಾಮಾಗಿ ಬಂದು ಕೂಡುತ್ತಾನೆ. ನಾವು ಹಿಂದಿದ್ದರೆ ನಲ್ ಮೊದಲು, ಶಾಂಗ್-ಚಿ ಆಮೇಲೆ. ಆದ್ದರಿಂದ ಕಂಟ್ರೋಲ್ ಆಡುವವರು ಐದನೇ ಸರದಿಯವರೆಗೆ ಬೇಕೆಂದೇ ಒಂದು ಹೆಜ್ಜೆ ಹಿಂದೆ ಇರುತ್ತಾರೆ. ಗೆಲ್ಲುವ ಕಾರ್ಡ್ ಕೈಯಲ್ಲಿದ್ದರೂ ಅದನ್ನು ಇಳಿಸದೆ ಕೂಡುವುದಕ್ಕೆ ಬೇಕಾದ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಎದುರಾಳಿಯ ಡೆಕ್ಕುಗಳೆಲ್ಲ ಬಾಯಿಪಾಠವಾಗಿಲ್ಲದವರು ಈ ಡೆಕ್ ಹಿಡಿದರೆ, ಕೈಯಲ್ಲಿ ಕಿಲ್‌ಮಾಂಗರ್ ಹಿಡಿದು ಒಂದು ಎನರ್ಜಿಯ ಕಾರ್ಡೇ ಇಲ್ಲದ ಮೇಜನ್ನು ನೋಡುತ್ತ ಕೂಡಬೇಕಾದೀತು.

ಉಳಿದವು

ಮೂವ್ ಡೆಕ್, ಅಂದರೆ ಹ್ಯೂಮನ್ ಟಾರ್ಚ್, ವಲ್ಚರ್ ಮುಂತಾದವರನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಓಡಿಸಿ ಪವರ್ ಬೆಳೆಸುವ ಬಗೆ, ಆಡಲು ಎಲ್ಲಕ್ಕಿಂತ ಖುಷಿ ಕೊಡುತ್ತದೆ. ಆದರೆ ಸಾಗಿಸುವ ಕಾರ್ಡೂ ಸಾಗುವ ಕಾರ್ಡೂ ಎರಡೂ ಸಮಯಕ್ಕೆ ಬರಬೇಕು. ಸ್ಟಾರ್ಮ್, ಪ್ರೊಫೆಸರ್ ಎಕ್ಸ್ ಇಟ್ಟುಕೊಂಡು ಲೊಕೇಶನ್‌ಗಳಿಗೆ ಬೀಗ ಹಾಕುವ ಡೆಕ್ ಕೂಡ ಒಳ್ಳೆಯದೇ, ಐದನೇ ಸರದಿಯಲ್ಲಿ ಎದುರಾಳಿಯ ಆಟವನ್ನು ಮೊದಲೇ ತೋರಿಸುವ ಡೇರ್‌ಡೆವಿಲ್ ಅದಕ್ಕೆ ಕಣ್ಣಿದ್ದಂತೆ. ಗೆಲಾಕ್ಟಸ್ ಸುತ್ತ ಕಟ್ಟಿದ ಡೆಕ್ಕನ್ನು ಈಗ ಹೊಸದಾಗಿ ಕಟ್ಟಲು ನಾನು ಹೇಳುವುದಿಲ್ಲ. ಉಳಿದ ಎರಡು ಲೊಕೇಶನ್‌ಗಳನ್ನೇ ಅಳಿಸಿಹಾಕುವ ಆ ಕಾರ್ಡು 2023ರಲ್ಲಿ ತಿದ್ದುಪಡಿಯಾಗಿ, ಅದನ್ನು ನಂಬಿ ಕೂಡಿಹಾಕಿದವರ ಶ್ರಮ ನೀರುಪಾಲಾಯಿತು. ಅಪ್‌ಡೇಟ್‌ಗಳಲ್ಲಿ ಕಾರ್ಡುಗಳ ಪವರ್, ಬೆಲೆ, ಕೆಲವೊಮ್ಮೆ ಗುಣವೂ ಬದಲಾಗುತ್ತಿರುತ್ತವೆ. ಒಂದೇ ಕಾರ್ಡಿನ ಮೇಲೆ ನಿಂತ ಡೆಕ್ ಕಟ್ಟುವವರು ಈ ಅಪಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾರ್ನೇಜ್‌ನ ಪವರ್ ಒಂದು ಇಳಿದರೆ ನಾಶದ ಡೆಕ್ ಸಾಯುವುದಿಲ್ಲ.

ಎಲ್ಲಿ ಆಡುತ್ತೀರಿ ಎಂಬುದೂ ಮುಖ್ಯ

ರ‍್ಯಾಂಕ್ ಆಟದಲ್ಲಿ ಪ್ರತಿ ಸಲ ಹೊಸ ಎದುರಾಳಿ. ಅಲ್ಲಿ ಡಿಸ್ಕಾರ್ಡ್, ನಾಶದಂಥ, ಕೊನೆಗೆ ಬೆರಗು ಹುಟ್ಟಿಸುವ ಡೆಕ್ಕುಗಳಿಗೆ ಬೆಲೆ ಹೆಚ್ಚು. 2023ರ ಜೂನ್‌ನಲ್ಲಿ ಸೇರಿದ ಕಾಂಕ್ವೆಸ್ಟ್ ವಿಧಾನದಲ್ಲಿ ಹಾಗಲ್ಲ. ಇಬ್ಬರಿಗೂ 10 ಜೀವಗಳಿದ್ದು, ಒಂದು ಕಡೆ ಅವು ಮುಗಿಯುವವರೆಗೆ ಅದೇ ಎದುರಾಳಿಯೊಂದಿಗೆ ಅದೇ ಡೆಕ್ಕಿನಲ್ಲಿ ಸುತ್ತಿನ ಮೇಲೆ ಸುತ್ತು ಆಡಬೇಕು. ಎರಡನೇ ಸುತ್ತಿನ ಹೊತ್ತಿಗೆ ಡ್ರಾಕುಲಾ ಯಾರನ್ನು ಕಚ್ಚುತ್ತಾನೆಂದು ಎದುರಾಳಿಗೆ ಗೊತ್ತಿರುತ್ತದೆ, ನಮಗೂ ಅವನ ಡೆಕ್ಕಿನ ಅರ್ಧಕ್ಕಿಂತ ಹೆಚ್ಚು ಕಾರ್ಡುಗಳು ಗೊತ್ತಿರುತ್ತವೆ. ಇಲ್ಲಿ ಬೆರಗಿನ ಬೆಲೆ ಇಳಿದು ತಿಳಿವಳಿಕೆಯ ಬೆಲೆ ಏರುತ್ತದೆ. ಕಂಟ್ರೋಲ್ ಡೆಕ್ಕನ್ನು ನಾನು ಶಿಫಾರಸು ಮಾಡುವ ಒಂದೇ ಜಾಗ ಇದು. ಮೊದಲ ಸುತ್ತನ್ನು ಒಂದು ಕ್ಯೂಬಿಗೆ ಬಿಟ್ಟುಕೊಟ್ಟು ಎದುರಾಳಿಯ ಕಾರ್ಡುಗಳನ್ನು ಕಂಡುಕೊಳ್ಳುವುದು ಅಲ್ಲಿ ನಷ್ಟವಲ್ಲ, ಬಂಡವಾಳ.

ನಮ್ಮ ಕಡೆಯವರು ಯೋಚಿಸಬೇಕಾದ ಇನ್ನೊಂದು ಸಂಗತಿ ನೆಟ್‌ವರ್ಕ್. ಬೆಳಗಾವಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗುತ್ತ, ಇಲ್ಲವೇ ಖಾನಾಪುರ ದಾಟಿ ಲೋಂಡಾ ಕಡೆಯ ರೈಲಿನಲ್ಲಿ ಕೂತು ಆಡುವವರಿಗೆ ಸಿಗ್ನಲ್ ಹೋದರೆ ಸರದಿ ಕೈತಪ್ಪುತ್ತದೆ. ಆನ್‌ಗೋಯಿಂಗ್ ಡೆಕ್ ಒಂದು ಸರದಿ ತಪ್ಪಿದರೂ ಹೇಗೋ ಸುಧಾರಿಸಿಕೊಳ್ಳುತ್ತದೆ. ಕಂಟ್ರೋಲ್ ಡೆಕ್ಕಿನಲ್ಲಿ ಆರನೇ ಸರದಿ ಹೋಯಿತೆಂದರೆ ಆಟವೇ ಹೋಯಿತು. ಪಯಣದಲ್ಲಿ ಆಡುವಾಗ ಸ್ನ್ಯಾಪ್ ಗುಂಡಿಯನ್ನು ಮುಟ್ಟದಿರುವುದೇ ಕ್ಷೇಮ.

ಹಾಗಾದರೆ ಯಾವ ಕ್ರಮದಲ್ಲಿ ಹೋಗಬೇಕು? ಕೈಯಲ್ಲಿ ಆರಂಭದ ಕಾರ್ಡುಗಳು ಮಾತ್ರ ಇರುವಾಗ ಆನ್‌ಗೋಯಿಂಗ್ ಡೆಕ್ ಹಿಡಿದು, ಪ್ರತಿ ಆಟದ ಮೂರನೇ ಸರದಿಗೆ ನಿಂತು "ಇದು ಬರುತ್ತದೆಯೇ?" ಎಂದು ತನ್ನನ್ನೇ ಕೇಳಿಕೊಳ್ಳುವುದನ್ನು ರೂಢಿಸಿಕೊಳ್ಳಿ. ಕಾರ್ನೇಜ್ ಮೊದಲ ಹಂತದಲ್ಲೇ ಸಿಗುತ್ತಾನೆ. ವೆನಮ್, ಡೆಡ್‌ಪೂಲ್, ಕಿಲ್‌ಮಾಂಗರ್ ಬಂದು ಸೇರುತ್ತಿದ್ದಂತೆ ನಾಶದ ಡೆಕ್ಕಿಗೆ ತಿರುಗಿ. ಕಾರ್ಡ್ ಅಪ್‌ಗ್ರೇಡ್ ಮಾಡಿದರೆ ಅದರ ಅಂದವಷ್ಟೇ ಹೆಚ್ಚುತ್ತದೆ, ಪವರ್ ಹೆಚ್ಚುವುದಿಲ್ಲ. ಅದರಿಂದ ಏರುವ, ಹೊಸ ಕಾರ್ಡುಗಳನ್ನು ಕೊಡಿಸುವ ಕಲೆಕ್ಷನ್ ಮಟ್ಟ ಡೆಕ್ ಬದಲಿಸಿದರೂ ಹಾಗೆಯೇ ಉಳಿಯುತ್ತದೆ, ಆದ್ದರಿಂದ ಹಳೆಯ ಡೆಕ್ಕಿಗೆ ಸುರಿದದ್ದು ವ್ಯರ್ಥವಾಯಿತೆಂಬ ಕೊರಗು ಬೇಡ. ಹೊಸ ಕಾರ್ಡುಗಳ ಬಗ್ಗೆ ಎಲ್ಲರೂ ಮಾತಾಡುವಾಗ ಹಣ ಸುರಿಯುವ ಮುನ್ನ, ಆ ಕಾರ್ಡು ನಿಮ್ಮ ಡೆಕ್ಕಿನ 12ರಲ್ಲಿ ಯಾರನ್ನು ಹೊರಗಟ್ಟುತ್ತದೆ ಎಂದು ಹೆಸರು ಹಿಡಿದು ಹೇಳಲು ಬರುವಂತಿರಬೇಕು.

ಯಾವ ಡೆಕ್ ಆದರೂ 12ರಲ್ಲಿ ಒಂದು ಜಾಗವನ್ನು ಸ್ಥಿರವಾಗಿಡದೆ, ಆ ವಾರ ಎದುರಾಗುವವರನ್ನು ನೋಡಿ ಬದಲಿಸುತ್ತಿರಿ. ದೊಡ್ಡ ದೊಡ್ಡ ಕಾರ್ಡುಗಳೇ ಎದುರಾಗುತ್ತಿದ್ದರೆ ಅಲ್ಲಿ ಶಾಂಗ್-ಚಿ, ಆನ್‌ಗೋಯಿಂಗ್ ಹೆಚ್ಚಿದ್ದರೆ ಎನ್‌ಚಾಂಟ್ರೆಸ್, ಆನ್ ರಿವೀಲ್ ಆಟಗಾರರು ಹೆಚ್ಚಿದ್ದರೆ ಕಾಸ್ಮೊ. ನಾಶದ ಡೆಕ್ಕಿನಲ್ಲಿ ಮಾತ್ರ ಕಾಸ್ಮೊ ಬೇಡ. ನಿಮ್ಮ ಕಾರ್ನೇಜ್ ಇಳಿಯಬೇಕಾದ ಕಡೆಯೇ ಅವನು ಕೂತುಬಿಟ್ಟರೆ ಎದುರಾಳಿಯ ಕೆಲಸವನ್ನು ನೀವೇ ಮಾಡಿಕೊಟ್ಟಂತೆ.